ಮೃತರ ಪಟ್ಟಿಯಲ್ಲಿ ನನ್ನ ಮಗಳ ಹೆಸರು

ನನ್ನ ಹೆಂಡತಿ ಫಿಲೋಮಿನಾ ತೀರಿಕೊಂಡು ಒಂಬತ್ತು ತಿಂಗಳಾದರೂ ನನ್ನ ಕಣ್ಣಿಂದ ಒಂದು ಹನಿ ನೀರು ಬಂದಿರಲಿಲ್ಲ. ವಿಶ್ವಾಸಿ ಬಂಧುಗಳೇ, ಇದನ್ನೂ ಒಂದು ಕಷ್ಟ ಅಂತ ಬರೆಯುತ್ತಾನಲ್ಲ ಈ ಮುದುಕ ಎಂದು ನಿಮಗೆ ಅನ್ನಿಸಬಹುದು. ದೊಡ್ಡ ಕಾಯಿಲೆ ವಾಸಿಯಾದವರು, ಎಷ್ಟೋ ವರ್ಷದ ಮೇಲೆ ಮಡಿಲು ತುಂಬಿದವರು ಚರ್ಚಿನ ಪತ್ರಿಕೆಯ ಇಂಥ ಪುಟಗಳಲ್ಲಿ ಸಾಕ್ಷಿ ಹೇಳುತ್ತಾರೆ. ನನ್ನದು ಅಷ್ಟು ದೊಡ್ಡ ಸಂಗತಿಯಲ್ಲ. ಆದರೂ ಪಡೆದ ಉಪಕಾರವನ್ನು ಮುಚ್ಚಿಟ್ಟುಕೊಳ್ಳಬಾರದು ಎಂದು ನಮ್ಮ ಫಾದರ್ ಎರಡು ಸಲ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ಹೆಸರು ಇನ್ನಾಸಪ್ಪ. ಮನೆ ಹಲಸೂರಿನಲ್ಲಿ. ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿಯೊಂದರಲ್ಲಿ ನಲವತ್ತು ವರ್ಷ ಶಾಲಾ ಮಕ್ಕಳ ಯೂನಿಫಾರಂ ಹೊಲಿದವನು. ಹಠಮಾರಿ ಎಂದು ಹೆಸರು ಪಡೆದವನು. ಆ ಹೆಸರು ಸುಳ್ಳಲ್ಲ.

ನಮಗೆ ಒಬ್ಬಳೇ ಮಗಳು, ಜಾಸಿಂತಾ. ನರ್ಸಿಂಗ್ ಓದಿಸಿದೆವು. ಮದುವೆಯಾಗಿ ಕೆ.ಆರ್. ಪುರಂಗೆ ಹೋದ ಮೇಲೆ ಗಂಡನ ಜೊತೆ ಅಲ್ಲಿನ ಒಂದು ಪ್ರಾರ್ಥನಾ ಸಭೆಗೆ ಹೋಗಲು ಶುರುಮಾಡಿದಳು. ಒಂದು ದಿನ ನೀರಿನಲ್ಲಿ ಮುಳುಗಿ ಮತ್ತೊಮ್ಮೆ ದೀಕ್ಷಾಸ್ನಾನ ತೆಗೆದುಕೊಂಡಳು. ಕೊರಳಿನ ಸರ, ಕೈಬಳೆ ತೆಗೆದಿಟ್ಟಳು. ಮನೆಯಲ್ಲಿದ್ದ ಮಾತೆ ಮರಿಯಮ್ಮನವರ ಪಟವನ್ನು ಪೇಪರಿನಲ್ಲಿ ಸುತ್ತಿ ತಂದು ಅವರಮ್ಮನ ಕೈಗೆ ಕೊಟ್ಟಳು. ನಾನು ಅಲ್ಲೇ ಕೂತಿದ್ದೆ. "ನಿನಗೆ ಮೂವತ್ತು ದಿನ ಆಗಿದ್ದಾಗ ನಾವು ಕೊಡಿಸಿದ ದೀಕ್ಷಾಸ್ನಾನ ಏನಾಯ್ತು? ಹಳೇದಾಯ್ತಾ?" ಎಂದೆ. ಅವಳು "ಅದು ನಿಮ್ಮ ನಿರ್ಧಾರ ಆಗಿತ್ತಪ್ಪ, ಇದು ನನ್ನದು" ಎಂದಳು. ಹಾಗಾದರೆ ಇನ್ನು ಈ ಹೊಸಿಲು ತುಳಿಯಬೇಡ ಎಂದೆ. ಆ ಹೆಸರನ್ನು ಮನೆಯಲ್ಲಿ ಎತ್ತಬಾರದು, ಅವಳ ಸುದ್ದಿಯನ್ನು ನನ್ನ ಕಿವಿಗೆ ಹಾಕಬಾರದು ಎಂದು ಹೆಂಡತಿಗೂ ನೆಂಟರಿಗೂ ತಾಕೀತು ಮಾಡಿದೆ. ಹಾಗೆ ಏಳು ವರ್ಷ ಕಳೆಯಿತು.

ಕಳೆದ ಜನವರಿಯಲ್ಲಿ ಫಿಲೋಮಿನಾಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿಸಿದೆವು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಡಾಕ್ಟರು ಹೆಚ್ಚು ಮಾತಾಡುತ್ತಿರಲಿಲ್ಲ. ಮೂರು ವಾರ ಆಸ್ಪತ್ರೆಯ ವಾರ್ಡಿನಲ್ಲಿದ್ದಳು. ನಾನು ಬೆಳಿಗ್ಗೆ ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಬಸ್ಸು ಹತ್ತುವುದು, ಪಾಸು ತೋರಿಸುವುದು, ಕಬ್ಬಿಣದ ಸ್ಟೂಲಿನ ಮೇಲೆ ಕೂರುವುದು. ಒಂದು ಮಧ್ಯಾಹ್ನ ಅವಳು "ರೀ, ಜಾಸಿಗೆ ಒಂದು ಮಾತು ಹೇಳ್ಕಳ್ಸಿ" ಎಂದಳು. ನಾನು ಗಂಜಿ ಆರುತ್ತಿದೆ ಎಂದೆ. ಅವಳು ಮತ್ತೆ ಕೇಳಲಿಲ್ಲ. ಫೆಬ್ರವರಿಯ ಎರಡನೇ ವಾರ ಹೋಗಿಬಿಟ್ಟಳು.

ಮಗಳಿಗೆ ಸುದ್ದಿ ಮುಟ್ಟಿಸಿದ್ದು ಫಿಲೋಮಿನಾಳ ತಂಗಿ, ಬಾಣಸವಾಡಿಯ ಸಿಸಿಲಿಯಾ. ಜಾಸಿಂತಾ ನೇರವಾಗಿ ಸಮಾಧಿಗೆ ಬಂದಳು. ಅವರ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ಇಲ್ಲ ಎಂದು ನನಗೆ ಗೊತ್ತಿತ್ತು. "ಮಂಡಿಯೂರಿ ಪ್ರಾರ್ಥನೆ ಮಾಡೋದಾದ್ರೆ ಬಂದು ಮಣ್ಣು ಹಾಕಲಿ, ಇಲ್ಲಾಂದ್ರೆ ಬೇಡ ಅಂತ ಹೇಳು" ಎಂದು ಸಿಸಿಲಿಯಾಳನ್ನು ಕಳಿಸಿದೆ. ಮಗಳು ಗೇಟಿನ ಹತ್ತಿರ ಹೂ ಮಾರುವವಳ ಪಕ್ಕದಲ್ಲೇ ನಿಂತಳು. ಗುಂಡಿ ಮುಚ್ಚುವವರೆಗೂ ನಿಂತಿದ್ದು ಹೊರಟುಹೋದಳು. ನಾನು ನೋಡಿದೆ. ಏನೂ ಅನ್ನಿಸಲಿಲ್ಲ. ಪೆಟ್ಟಿಗೆಯ ಒಳಗೆ ಹಾಸಿದ ಸ್ಯಾಟಿನ್ ಬಟ್ಟೆ ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು. ಅವತ್ತೆಲ್ಲ ನನಗೆ ಅದೇ ಕಾಣುತ್ತಿತ್ತು.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಹಲ್ಲು ಕೀಳಿಸುವ ಮೊದಲು ಇಂಜೆಕ್ಷನ್ ಕೊಟ್ಟಾಗ ನಮ್ಮ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ನಾನು ಪೂರ್ತಿ ಹಾಗಾಗಿದ್ದೆ. ಅನ್ನ ಮಾಡುತ್ತಿದ್ದೆ, ತಿನ್ನುತ್ತಿದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಮಾತಾಡಿಸಲು ಬಂದವರು ಅಳುತ್ತಿದ್ದರು, ನಾನು ಅವರಿಗೆ ನೀರು ತಂದುಕೊಡುತ್ತಿದ್ದೆ. ನಲವತ್ತೊಂದು ವರ್ಷ ಜೊತೆಗಿದ್ದವಳಿಗಾಗಿ ಅಳದ ಮನುಷ್ಯ ಎಂಥವನು ಎಂದು ನನಗೇ ಹೆದರಿಕೆಯಾಗಿ, ದಿನಾ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಆರೋಗ್ಯಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ನಿಂತು ಒಂದೇ ಮಾತು ಕೇಳುತ್ತಿದ್ದೆ: ಅಮ್ಮಾ, ಒಂದು ಸಲ ಅಳಿಸು. ಮಗಳ ವಿಷಯ ನಾನು ಕೇಳಲೇ ಇಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು.

ನವೆಂಬರ್ ಬಂತು. ನಮ್ಮಲ್ಲಿ ಆ ತಿಂಗಳು ಪೂರ್ತಿ ಮೃತರಿಗೆ ಮೀಸಲು. ಪ್ರತಿ ಮನೆಯವರೂ ತಮ್ಮ ಕಡೆಯ ಸತ್ತವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಕವರಿನಲ್ಲಿ ಹಾಕಿ ಚರ್ಚಿಗೆ ಕೊಡುತ್ತಾರೆ. ದಿನಕ್ಕೆ ಇಷ್ಟು ಮನೆಯವರದ್ದು ಎಂದು ಪೂಜೆಯ ಮೊದಲು ಅವನ್ನು ಓದುತ್ತಾರೆ. ನನ್ನ ಅಕ್ಷರ ದುಂಡಗಿದೆ ಎಂದು ಅಕ್ಕಪಕ್ಕದವರೆಲ್ಲ ತಮ್ಮ ಪಟ್ಟಿಯನ್ನೂ ನನ್ನ ಕೈಲೇ ಬರೆಸುತ್ತಾರೆ. ಅವರು ಹೇಳುವುದು, ನಾನು ಬರೆಯುವುದು. ಹದಿನೈದು ಇಪ್ಪತ್ತು ಹಾಳೆ ಆದ ಮೇಲೆ ಕೊನೆಯಲ್ಲಿ ನಮ್ಮ ಮನೆಯದನ್ನೂ ಬರೆದು ಅಂಟಿಸಿ ಕೊಟ್ಟುಬಂದೆ.

ಮೊದಲ ವಾರ ಕಳೆದ ಮೇಲೆ ಒಂದು ಬುಧವಾರ. ಶಿವಾಜಿನಗರದ ಚರ್ಚಿನಲ್ಲಿ ಬೆಳಗಿನ ಕನ್ನಡ ಪೂಜೆ. ಒಬ್ಬ ಹುಡುಗಿ ಹೆಸರುಗಳನ್ನು ಓದುತ್ತಿದ್ದಳು. ನಾನು ಕಂಬದ ಪಕ್ಕದ ಬೆಂಚಿನಲ್ಲಿ ಕೂತು ಕೇಳಿಯೂ ಕೇಳದ ಹಾಗಿದ್ದೆ. "ರಾಯಪ್ಪ, ಅನ್ನಮ್ಮ, ಚೌರಪ್ಪ" ಎಂದಳು. ನನ್ನ ಮಾವ, ಅತ್ತೆ, ಚಿಕ್ಕ ವಯಸ್ಸಿನಲ್ಲೇ ಹೋದ ಭಾವಮೈದ. ಆಮೇಲೆ "ಜಾಸಿಂತಾ" ಎಂದಳು.

ಅದರ ಮುಂದೆ ಓದಿದ್ದು ನನಗೆ ಕೇಳಿಸಲಿಲ್ಲ. ನನ್ನ ಹಾಳೆಯಲ್ಲಿ ಆ ಹೆಸರು ಬರುವ ಹಾಗೇ ಇಲ್ಲ, ಇದು ಸಿಸಿಲಿಯಾ ಕೊಟ್ಟ ಪಟ್ಟಿ ಅಂದುಕೊಂಡೆ. ಅವಳಿಗೂ ಅವರೇ ಅಪ್ಪ ಅಮ್ಮ, ಅವನೇ ಅಣ್ಣ. ಅವರ ಜೊತೆ ನನ್ನ ಮಗಳನ್ನು ಸೇರಿಸಿದ್ದಾಳೆ ಅಂದರೆ ಮಗಳು ಸತ್ತಿದ್ದಾಳೆ. ನನಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಹೇಳಬೇಡಿ ಅಂದವನು ನಾನೇ. ಎಲ್ಲರೂ ನನ್ನ ಮಾತು ಉಳಿಸಿದ್ದಾರೆ, ಅಷ್ಟೇ.

ಬೆಂಚು ಹಿಡಿದು ಎದ್ದು, ಪೂಜೆ ಶುರುವಾಗುವ ಮೊದಲೇ ಹೊರಗೆ ಬಂದೆ. ಸಿಸಿಲಿಯಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಗಳ ನಂಬರು ನನ್ನ ಹತ್ತಿರ ಇರಲಿಲ್ಲ. ಕೈಯಲ್ಲಿದ್ದದ್ದು ಫಿಲೋಮಿನಾಳ ಪ್ರಾರ್ಥನಾ ಪುಸ್ತಕ. ಅದರ ಹಿಂದಿನ ರಟ್ಟಿನ ಒಳಗೆ ಅವಳು ಪೆನ್ಸಿಲಿನಲ್ಲಿ ಕೆ.ಆರ್. ಪುರಂ ವಿಳಾಸ ಬರೆದಿದ್ದಳು. ಒಂಬತ್ತು ತಿಂಗಳಿಂದ ದಿನಾ ಆ ಪುಸ್ತಕ ಹಿಡಿಯುತ್ತಿದ್ದೆ, ಆ ಬರಹವನ್ನು ನೋಡಿಯೂ ಇದ್ದೆ. ಅವತ್ತು ಮೊದಲ ಸಲ ಓದಿದೆ.

ಬಸ್ ಸ್ಟ್ಯಾಂಡಿನಲ್ಲಿ ಹೊರಡಲು ನಿಂತಿದ್ದ ಬಸ್ಸು ಹತ್ತಿದೆ. ಹಲಸೂರು ಬಂತು, ನಮ್ಮ ಮನೆಯ ಸ್ಟಾಪು ದಾಟಿತು, ಇಂದಿರಾನಗರ ದಾಟಿತು. ಟಿನ್ ಫ್ಯಾಕ್ಟರಿ ಹತ್ತಿರ ಯಾವತ್ತಿನ ಹಾಗೆ ಬಸ್ಸು ನಿಂತೇಬಿಟ್ಟಿತು. ನಾನು ಸೀಟಿನ ಸರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ಪಕ್ಕದ ಸಾಲಿನಲ್ಲಿದ್ದ ಬುರ್ಖಾ ಹಾಕಿಕೊಂಡ ಒಬ್ಬ ಹೆಂಗಸು "ಏನಾಯ್ತು ಅಂಕಲ್, ತಬಿಯತ್ ಸರಿ ಇಲ್ವಾ?" ಎಂದು ಬಾಟಲಿ ನೀರು ಕೊಟ್ಟರು. "ಮಗಳ ಮನೆಗೆ ಹೋಗ್ತಿದ್ದೀನಮ್ಮ" ಎಂದೆ. ಅಷ್ಟು ವರ್ಷದ ಮೇಲೆ ನನ್ನ ಬಾಯಿಂದ ಮಗಳು ಅನ್ನುವ ಮಾತು ಬಂದದ್ದು ಗುರುತಿಲ್ಲದ ಒಬ್ಬರ ಮುಂದೆ. "ಅಲ್ಲಾ ಒಳ್ಳೇದ್ ಮಾಡ್ತಾನೆ, ಕುಡೀರಿ" ಎಂದರು. ಕುಡಿದೆ. ನನಗೆ ಭಯವಾಗುತ್ತಿತ್ತು. ಒಂಬತ್ತು ತಿಂಗಳಲ್ಲಿ ನನಗೆ ಆದ ಮೊದಲ ಅನುಭವ ಅದು.

ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ ಇಬ್ಬರನ್ನು ಕೇಳಿ ಮನೆ ಹುಡುಕಿದೆ. ಮೇಲಿನ ಮಹಡಿ. ಬಾಗಿಲ ಮುಂದೆ ಒಂದೇ ಒಂದು ಜೊತೆ ಗಂಡಸರ ಹಳೇ ಚಪ್ಪಲಿ. ಬಾಗಿಲು ಬಡಿದೆ. ಉತ್ತರವಿಲ್ಲ. ಮತ್ತೆ ಬಡಿದೆ. ಮೂರನೇ ಸಲ ಒಳಗೆ ಚಿಲಕ ಸರಿಯಿತು. ಜಾಸಿಂತಾ ನಿಂತಿದ್ದಳು, ಕಣ್ಣು ಊದಿಕೊಂಡು, ತಲೆ ಕೆದರಿಕೊಂಡು. ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದಳಂತೆ.

"ಅಪ್ಪ?"

"ಬದುಕಿದ್ದೀಯಾ" ಎಂದೆ.

"ಯಾಕೆ, ಇರ್ಬಾರ್ದಾ?"

ನಾನು ಬಾಗಿಲಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ನರ್ಸಲ್ಲವೇ, ಮೊದಲು ನಾಡಿ ಹಿಡಿದು ನೋಡಿದಳು. ಆಮೇಲೆ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ಕಾಫಿ ಕೊಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು. ಸಕ್ಕರೆ ಜಾಸ್ತಿಯಾಗಿದೆ ಎಂದು ನನಗೆ ತಿಳಿಯಿತು.

ನಡೆದದ್ದನ್ನು ಹೇಳಿದೆ. ಅವಳು ಸಿಸಿಲಿಯಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಈ ಸಲ ಎತ್ತಿದಳು. ಪಟ್ಟಿಯ ವಿಷಯ ಕೇಳಿದ್ದಕ್ಕೆ "ಅಯ್ಯೋ, ನಾನು ಪಟ್ಟಿ ಕೊಟ್ಟೇ ಇಲ್ಲ ಕಣೆ ಈ ವರ್ಷ. ಮಂಡಿ ನೋವಲ್ಲಿ ಎಲ್ಲಿ ಹೋಗ್ಲಿ ಶಿವಾಜಿನಗರಕ್ಕೆ? ಭಾವನೇ ಬರೆದಿರ್ಬೇಕು ಕೇಳು" ಎಂದಳು.

ಜಾಸಿಂತಾ ನನ್ನ ಮುಖ ನೋಡಿದಳು. "ನೀವೇ ಬರೆದ್ರಾ? ಸತ್ತವ್ರ ಜೊತೆ ನನ್ನ ಹೆಸರು?"

ಇಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಅವಳ ಹೆಸರು ಎತ್ತಬಾರದು ಎಂದು ನಾನು ಹೇಳಿದ ಮೇಲೆ ಫಿಲೋಮಿನಾ ವಾದ ಮಾಡಿರಲಿಲ್ಲ. ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ತನ್ನ ಕಡೆಯ ಮೃತರ ಹೆಸರು ಹೇಳುವುದು ಅವಳ ಪದ್ಧತಿ. ಆ ಹೊತ್ತಿನಲ್ಲಿ ನಡುವೆ ಮಾತಾಡುವ ಹಾಗಿಲ್ಲ, ಅದು ನಾನೇ ಮಾಡಿದ ಕಟ್ಟುನಿಟ್ಟು. ಅವಳು ಅದನ್ನು ಹಿಡಿದುಕೊಂಡಳು. ರಾಯಪ್ಪ, ಅನ್ನಮ್ಮ, ಚೌರಪ್ಪ, ಜಾಸಿಂತಾ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ನಾನು ಕೇಳಿಸಿಕೊಂಡರೂ ಕೇಳಿಸದವನ ಹಾಗೆ "ಅವರಿಗೆ ನಿತ್ಯ ವಿಶ್ರಾಂತಿಯನ್ನು ಕೊಡು" ಎನ್ನುತ್ತಿದ್ದೆ. ಹೀಗೆ ಏಳು ವರ್ಷ. ಪಟ್ಟಿ ಬರೆಯಲು ಕೂತಾಗ ನನ್ನ ಕೈ ಅವಳು ಹೇಳುತ್ತಿದ್ದ ಸಾಲನ್ನೇ ಬರೆದಿತ್ತು. ಕೊನೆಯಲ್ಲಿ ಫಿಲೋಮಿನಾಳ ಹೆಸರನ್ನು ಸೇರಿಸಿದ್ದೊಂದೇ ನನ್ನದು.

ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ದಿನಾ ಹೇಳ್ತಿದ್ರಾ ಅಮ್ಮ?" ಎಂದು ಕೇಳಿದಳು. ದಿನಾ ಎಂದೆ. "ನನ್ನನ್ನ ಮಣ್ಣು ಹಾಕೋಕೆ ಬಿಡ್ಲಿಲ್ಲ ನೀವು" ಎಂದಳು. ಅವಳ ಸ್ವರ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ತಪ್ಪು ಮಾಡಿದೆ ಜಾಸಿ. ಆಸ್ಪತ್ರೆಯಲ್ಲೇ ಅವಳು ನಿನ್ನ ಕೇಳಿದ್ಲು. ನಾನು ಹೇಳಿ ಕಳಿಸ್ಲಿಲ್ಲ" ಎಂದೆ. ಇದು ಅವಳಿಗೆ ಗೊತ್ತಿರಲಿಲ್ಲ. ಮುಖ ಮುಚ್ಚಿಕೊಂಡು ಅತ್ತಳು. ನಾನು ನೋಡುತ್ತ ಕೂತಿದ್ದೆ. ನನಗೆ ಆಗಲೂ ಅಳು ಬರಲಿಲ್ಲ. ಅಂದು ಅವಳು ನನ್ನನ್ನು ಬಸ್ ಸ್ಟಾಪಿನವರೆಗೆ ಬಿಟ್ಟಳು, ಹೋಗಿ ಬನ್ನಿ ಎಂದಳು, ಬರುತ್ತೇನೆ ಎಂದು ಹೇಳಲಿಲ್ಲ.

ಮರುದಿನ ಫಾದರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿ, ಹೆಸರು ತೆಗೆಸಿದೆ. ಅವರು ಹಾಳೆಯಲ್ಲಿ ಗೆರೆ ಎಳೆದು, "ಮುಂದಿನ ವರ್ಷ ಕನ್ನಡಕ ಹಾಕ್ಕೊಂಡು ಬರೀರಿ ಇನ್ನಾಸಪ್ಪ" ಎಂದರು. ಆಮೇಲೆ ನನ್ನ ಪಾಪನಿವೇದನೆ ಕೇಳಿದರು. ಅದು ಬಹಳ ಹೊತ್ತು ಹಿಡಿಯಿತು.

ಎರಡು ಭಾನುವಾರ ಕಳೆದವು. ಮೂರನೆಯ ಭಾನುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಜಾಸಿಂತಾ. ಅವಳ ಸಭೆ ಮುಗಿಸಿ ಹಾಗೇ ಬಂದಿದ್ದಳು. ಹೊಸಿಲ ಆಚೆಯೇ ನಿಂತು "ಒಳಗೆ ಬರ್ಲಾ?" ಎಂದು ಕೇಳಿದಳು. ನಾನು ತುಳಿಯಬೇಡ ಅಂದ ಹೊಸಿಲು. ಪಕ್ಕಕ್ಕೆ ಸರಿದೆ.

ಜಪಸರದ ಹೊತ್ತಾಗಿತ್ತು. ನಿಲ್ಲಿಸುವುದೋ ಮುಂದುವರಿಸುವುದೋ ತೋಚಲಿಲ್ಲ. "ನೀವು ಮಾಡಿ ಅಪ್ಪ, ನಾನು ಕೂತಿರ್ತೀನಿ" ಎಂದು ಅವರಮ್ಮನ ಮಂಚದ ಮೇಲೆ ಕೂತಳು. ಅವಳು ಮಂಡಿಯೂರಲಿಲ್ಲ, ನಾನು ಕೇಳಲೂ ಇಲ್ಲ. ನಾನೊಬ್ಬನೇ ಹೇಳಿದೆ. ಮುಗಿದ ಮೇಲೆ ಹೆಸರುಗಳಿಗೆ ಬಂದೆ. ರಾಯಪ್ಪ, ಅನ್ನಮ್ಮ, ಚೌರಪ್ಪ. ಅಲ್ಲಿಗೆ ನಿಂತೆ. ಮುಂದಿನ ಹೆಸರಿನವಳು ಎದುರಿಗೇ ಕೂತಿದ್ದಾಳೆ. ಅದನ್ನು ಬಿಟ್ಟರೆ ಉಳಿಯುವ ಹೆಸರನ್ನು ನಾನು ಹಾಳೆಯ ಮೇಲೆ ಬರೆದಿದ್ದೆನೇ ಹೊರತು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ನಾಲಿಗೆ ಹೊರಳಲಿಲ್ಲ.

ಸತ್ತವರಿಗಾಗಿ ಪ್ರಾರ್ಥಿಸದ ನನ್ನ ಮಗಳು, ಮಂಚದ ಮೇಲಿಂದ, ಮೆಲ್ಲಗೆ ಆದರೆ ಸ್ಪಷ್ಟವಾಗಿ, "ಫಿಲೋಮಿನಾ" ಎಂದಳು.

ನಾನು ಅತ್ತೆ. ಪಕ್ಕದ ಮನೆಯವರು ಬಂದು ನೋಡುವಷ್ಟು ಅತ್ತೆ. ಜಾಸಿಂತಾ ಅವರನ್ನು ಬಾಗಿಲಲ್ಲೇ ತಡೆದು "ಏನಿಲ್ಲ ಆಂಟಿ, ಅಮ್ಮನ್ನ ನೆನೆಸ್ಕೊಂಡ್ರು" ಎಂದು ಹೇಳಿ ಕಳಿಸಿದಳು.

ಅವಳು ತನ್ನ ಸಭೆಯನ್ನು ಬಿಟ್ಟಿಲ್ಲ. ನಾನು ನನ್ನ ಜಪಸರವನ್ನು ಬಿಟ್ಟಿಲ್ಲ. ಅವಳು ಸಮಾಧಿಗೆ ಬಂದು ಒಂದು ಹಿಡಿ ಮಣ್ಣು ಹಾಕಿದಳು, ಮೇಣದ ಬತ್ತಿ ನಾನು ಹಚ್ಚಿದೆ. ನಾನು ಕೇಳಿದ್ದು ಕಣ್ಣೀರೊಂದನ್ನೇ. ಮಗಳನ್ನು ಕೇಳಿಕೊಂಡವಳು ನನ್ನ ಹೆಂಡತಿ, ಅದೂ ನನಗೆ ಹೆದರಿ, ಸತ್ತವರ ನಡುವೆ ಬಚ್ಚಿಟ್ಟು. ಇಬ್ಬರದ್ದನ್ನೂ ದೇವರು ಒಟ್ಟಿಗೆ ನಡೆಸಿಕೊಟ್ಟರು. ಆರೋಗ್ಯಮಾತೆಗೂ ಆಕೆಯ ಮಗನಿಗೂ ಈ ಹಠಮಾರಿಯ ವಂದನೆ. ನಿಮ್ಮ ಮನೆಯಲ್ಲೂ ಎತ್ತಬಾರದ ಒಂದು ಹೆಸರಿದ್ದರೆ, ದಯವಿಟ್ಟು ಇವತ್ತೇ ಅವರಿಗೆ ಫೋನ್ ಮಾಡಿ.