ಥುಕ್ಬಾದ ಫ್ಲ್ಯಾಟಿನಲ್ಲಿ ಒಂದು ಬಟ್ಟಲು ತೆಂಗಿನ ಹಾಲು

"ಅವಳು ಅಡುಗೆಮನೆಯಲ್ಲಿ ಕೂತು ಏನಾದರೂ ತಿನ್ನಲಿ ಅಲ್ವಾ?"

ಕಳೆದ ಶುಕ್ರವಾರ ಸೌದಿಯ ಥುಕ್ಬಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ನನ್ನ ಕಿವಿಯ ಹತ್ತಿರ ಬಂದು ಹೀಗೆಂದವರು ಸೆವ್ರಿನ್ ಆಂಟಿ. 'ಅವಳು' ಅಂದರೆ ನೊಯಿ, ಕೆಳಗಿನ ಬೀದಿಯ ಲೇಡೀಸ್ ಸಲೂನಿನಲ್ಲಿ ಕೆಲಸ ಮಾಡುವ ಥಾಯ್ ಹೆಂಗಸು. (ಹೆಸರು ಬದಲಿಸಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಅಂದು ನನ್ನ ಮೈದುನನ ಮಗಳು ರಿಯಾಳ ರೋಸ್. ಮದುವೆಗೆ ಮುಂಚೆ ಹುಡುಗಿಯ ತಲೆಗೆ ತೆಂಗಿನ ಹಾಲು ಹೊಯ್ದು ಹರಸುವುದು ನಮ್ಮ ಮಂಗಳೂರು ಕ್ರೈಸ್ತರ ಶಾಸ್ತ್ರ. ಮದುವೆ ಊರಿನಲ್ಲಿ. ಇಲ್ಲಿಯವರಿಗಾಗಿ ಕಾರ್ಪೆಟ್ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿ ಒಂದು ಪುಟ್ಟ ರೋಸ್. ನೊಯಿ ಬಂದದ್ದು ಸ್ನಾನವಾದ ಮೇಲೆ ಕೂದಲು ಸೆಟ್ ಮಾಡಲು. ನೀವೂ ಹಾಲು ಹಾಕಿ ಎಂದು ರಿಯಾ ಅವಳನ್ನೂ ಕರೆದಳು.

ಆಂಟಿಗೆ ಅಲ್ಲೇ ಕಸಿವಿಸಿ. ಥೈಲ್ಯಾಂಡಿನವಳು, ಮೊದಲು ಎಲ್ಲಿ ಎಂತ ಕೆಲಸ ಮಾಡುತ್ತಿದ್ದಳೋ, ಮದುಮಗಳ ತಲೆ ಮುಟ್ಟುವುದು ಬೇಡ ಎಂಬುದು ಅವರ ವಾದ. ಪಕ್ಕದ ಮನೆಯ ವಿನಯಾ ನೊಯಿಯ ಪರ ನಿಂತಳು.

"ಛೆ, ಇವಳು ಅಂಥವಳಲ್ಲ ಆಂಟಿ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಅಂಥವಳಾಗಿದ್ದರೆ?

ಯಾಕೆ ಕೇಳುತ್ತೇನೆಂದರೆ, ನೊಯಿಯ ಅಕ್ಕ 'ಅಂಥವಳು'. ಒಮ್ಮೆ ನನ್ನ ಕೂದಲು ಕತ್ತರಿಸುತ್ತ ನೊಯಿಯೇ ಹೇಳಿದ್ದು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಅರೇಬಿಕ್‌ನಲ್ಲಿ. ಅಕ್ಕ ಪಟ್ಟಾಯದ ಬಾರಿನಲ್ಲಿ ದುಡಿದು ಮನೆ ಕಟ್ಟಿಸಿದಳು, ತಂಗಿಯನ್ನು ಓದಿಸಿದಳು. ಊರಿನ ಬೌದ್ಧ ವಿಹಾರಕ್ಕೆ ಅವಳು ಕೊಟ್ಟ ಫ್ಯಾನ್ ಇಂದಿಗೂ ತಿರುಗುತ್ತಿದೆ. ಆ ಗಾಳಿಗೆ ಯಾರದೂ ತಕರಾರಿಲ್ಲ. ಆದರೆ ನೊಯಿಯ ಮದುವೆಯಲ್ಲಿ, ಹಿರಿಯರೆಲ್ಲ ಶಂಖದಿಂದ ವಧೂವರರ ಕೈಗೆ ನೀರೆರೆಯುವ ಹೊತ್ತಿಗೆ, ಅತ್ತೆಯೊಬ್ಬರು ಬಂದು ಅಕ್ಕನಿಗೆ ಮೆಲ್ಲಗೆ ಹೇಳಿದರಂತೆ: ನೀನು ಅಡುಗೆಮನೆ ನೋಡಿಕೋ.

ಅಕ್ಕ ನೀರೆರೆಯಲೇ ಇಲ್ಲ.

ಎರಡು ದೇಶ, ಎರಡು ಧರ್ಮ. ಅಡುಗೆಮನೆ ಮಾತ್ರ ಒಂದೇ.

ನೊಯಿಗೆ ಕನ್ನಡ ಬಾರದು. ಆದರೆ ಆ ಪಿಸುದನಿ ಅವಳಿಗೆ ಗೊತ್ತು. ಬಾಚಣಿಗೆಗಳ ಚೀಲ ಎತ್ತಿಕೊಂಡು ಆಗಲೇ ಅಡುಗೆಮನೆಯ ಕಡೆ ತಿರುಗಿದ್ದಳು. (ದೊಡ್ಡವರಿಗೆ ಎದುರು ಮಾತಾಡಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು.) ನಾನು ಅವಳ ಚೀಲ ತೆಗೆದಿಟ್ಟು, ಹಾಲಿನ ಬಟ್ಟಲನ್ನು ಅವಳ ಕೈಗಿಟ್ಟೆ. ರಿಯಾ ತಲೆ ಬಗ್ಗಿಸಿದಳು. ನೊಯಿ ಹಾಲು ಹೊಯ್ದು, ಅದು ಕಣ್ಣಿಗಿಳಿಯದಂತೆ ಹುಡುಗಿಯ ಹಣೆಗೆ ಅಂಗೈ ಅಡ್ಡ ಹಿಡಿದಳು.

ಹೊರಡುವಾಗ ಲಿಫ್ಟಿನ ಬಳಿ ಆಂಟಿಗೆ ಇನ್ನೂ ಅದೇ ಅನುಮಾನ. "ಇವಳು ಅಂಥವಳಲ್ಲ, ಗ್ಯಾರಂಟಿ ಅಲ್ವಾ?"

ಗ್ಯಾರಂಟಿ ಕೊಡಲು ನಾನ್ಯಾರು? ಲಿಫ್ಟಿನ ಬಾಗಿಲನ್ನು ಹಿಡಿದುಕೊಂಡು ಮೆಲ್ಲಗೇ ಕೇಳಿದೆ:

"ಅಂಥವಳು ಬಂದರೂ ಬಟ್ಟಲು ಕೊಡ್ತೇನೆ ಆಂಟಿ. ಆಗ ನೀವು ಅಡುಗೆಮನೆಯಲ್ಲಿ ಕೂರ್ತೀರಾ?"