ಕುರಿಗಾಹಿಯ ನಾಯಿಯನ್ನು ವಿಮಾನ ಹತ್ತಿಸಿದ್ದು

ನಮ್ಮ ಕಡೆಯ ನಾಯಿಯೊಂದನ್ನು ನಾನು ವಿಮಾನ ಹತ್ತಿಸಿದ ಕಥೆಯನ್ನು ಮದುವೆ ಮನೆಗಳಲ್ಲಿ ಎಷ್ಟೋ ಸಲ ಹೇಳಿ ಜನರನ್ನು ನಗಿಸಿದ್ದೇನೆ. ಹೇಳಿದ್ದೆಲ್ಲ ನಿಜವೇ, ಆದರೆ ಅರ್ಧ. ಉಳಿದರ್ಧವನ್ನು ಹೆಂಡತಿಗೂ ಹೇಳಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಊರು ಮಾನ್ವಿ, ಪಶುವೈದ್ಯನಾಗಿ ಮೊದಲ ನೌಕರಿ ದೇವದುರ್ಗದಲ್ಲಿ. ಒಂದು ಮುಂಜಾನೆ ಹೊಳೆದಂಡೆಯ ಗೂಗಲ್ ಎಂಬ ಹಳ್ಳಿಯ ಕಡೆಯ ಕುರಿಗಾಹಿಯೊಬ್ಬ ಕಂಬಳಿಯಲ್ಲಿ ಸುತ್ತಿದ ಕರಿ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದ. ಬಂಡಿಯ ಗಾಲಿಗೆ ಸಿಕ್ಕು ಹಿಂಗಾಲು ಹರಿದಿತ್ತು. ನೋವು ಇಳಿಯಲೆಂದು ಅವನೇ ತೊಡೆಗೆ ಎರಡು ಬರೆ ಹಾಕಿದ್ದ. ಗಾಯ ಕೀವುಗಟ್ಟಿತ್ತು.

"ಕುರಿ ಹೊಡ್ಕೊಂಡು ಹೊಳಿ ದಾಟಬೇಕ್ರಿ ಯಪ್ಪಾ. ನಾನು ಬರೂತನಕ ಇದು ನಿಮ್ಮ ಕಡಿನ ಇರಲಿ" ಎಂದ. ಕಂಬಳಿಯಿಂದ ಒಂದು ತುಂಡು ಹರಿದು ಆಸ್ಪತ್ರೆಯ ಅಂಗಳದ ಬೇವಿನ ಗಿಡದ ಕೆಳಗೆ ಹಾಸಿದ. "ಇದರ ಮ್ಯಾಲ ಮಕ್ಕೊಂಡ್ರ ಸುಮ್ಮನಿರ್ತದ."

ನಾನು ಹೂಂ ಎಂದೆ.

ಎರಡು ವಾರದಲ್ಲಿ ನಾಯಿ ಕುಂಟುತ್ತ ಓಡಾಡತೊಡಗಿತು. ಆಗಲೇ ಒಂದು ಜೀಪು ಬಂತು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಯಂತ್ರ ಜೋಡಿಸಲು ಹೊರದೇಶದಿಂದ ಬಂದಿದ್ದ ಇಂಜಿನಿಯರ್ ಮತ್ತು ಅವರ ಹೆಂಡತಿ ಹೊಳೆ ನೋಡಲು ಹೊರಟಿದ್ದರು. ಜೀಪಿಗೆ ನೀರು ಹಾಕಲೆಂದು ಆಸ್ಪತ್ರೆಯ ಮುಂದೆ ನಿಲ್ಲಿಸಿದರು. ಆಕೆ ನೇರವಾಗಿ ಬೇವಿನ ಗಿಡದ ಕಡೆಗೆ ನಡೆದರು. ನಾಯಿಯ ತೊಡೆಯ ಮೇಲಿನ ಬರೆ ಕಂಡು ಅವರ ಮುಖ ಬಾಡಿತು. ಇಷ್ಟು ಕ್ರೂರವಾಗಿ ಸುಟ್ಟವರು ಯಾರು ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಬರೆ ನಮ್ಮಲ್ಲಿ ಔಷಧಿಯೆಂದೇ ಹಾಕುತ್ತಾರೆ, ಆ ಮನುಷ್ಯ ಇದನ್ನು ಹೊತ್ತುಕೊಂಡು ರಾತ್ರಿಯಿಡೀ ನಡೆದು ಬಂದ ಎಂದು ಹೇಳಬಹುದಿತ್ತು. ನನಗೆ ನಾಚಿಕೆಯಾಯಿತು. ಅವನ ಪರ ಮಾತಾಡಿದರೆ ನಾನೂ ಅವನಂಥವನೇ ಎಂದುಕೊಂಡಾರು ಅನಿಸಿತು. "ಯಾರೋ ಬಿಟ್ಟುಹೋಗಿದ್ದಾರೆ. ಇದಕ್ಕೆ ಯಾರೂ ಇಲ್ಲ" ಅಂದುಬಿಟ್ಟೆ.

ಹಾಗಾದರೆ ನಾವೇ ಒಯ್ಯುತ್ತೇವೆ ಎಂದರು ಆಕೆ. ಕೆಲಸ ಮುಗಿಸಿ ಅವರು ತಮ್ಮ ದೇಶಕ್ಕೆ ಮರಳುವ ದಿನ ಹತ್ತಿರವಿತ್ತು. ಕಾಗದಪತ್ರಕ್ಕೆ ನಾನು ನೆರವಾಗಬೇಕೆಂದು ಕೈ ಹಿಡಿದು ಕೇಳಿಕೊಂಡರು. ನಾನು ಉಬ್ಬಿಹೋದೆ.

ಆಮೇಲಿನ ಲಸಿಕೆ, ಪೆಟ್ಟಿಗೆಯ ಗೋಳು ನಾನು ಮದುವೆ ಮನೆಗಳಲ್ಲಿ ಹೇಳುವ ಭಾಗ. ಹುಚ್ಚುನಾಯಿ ರೋಗದ ಲಸಿಕೆ ಹಾಕಿ ಒಂದು ತಿಂಗಳಾಗದೆ ಪ್ರಯಾಣವಿಲ್ಲ. ಲಸಿಕೆಯನ್ನು ರಾಯಚೂರಿನಿಂದ ಐಸು ತುಂಬಿದ ಥರ್ಮಾಸಿನಲ್ಲಿ ತಂದು ಹಾಕಿ, ನಾಯಿಯನ್ನು ಶಕ್ತಿನಗರಕ್ಕೆ ಕಳಿಸಿದೆ. ಪೆಟ್ಟಿಗೆ ಮಾಡಲು ರಾಯಚೂರಿನ ಮಂಗಳವಾರಪೇಟೆಯ ಬಡಗಿ ಸಾಹೇಬರನ್ನು ಅಲ್ಲಿಗೇ ಕರೆದೊಯ್ದೆ. ಅವರು ನಾಯಿಯ ಎತ್ತರ, ಉದ್ದ ಅಳೆದು, "ನಿಂತ್ರ ತಲಿ ತಾಗಬಾರ್ದು ಸಾಬ್, ಒಳಗ ತಿರಗಾಕ ಬರಬೇಕು. ಗಾಳೀಗಿ ನಾಕೂ ಕಡಿ ತೂತು ಹಾಕ್ತೀನಿ" ಎಂದರು.

ಪೆಟ್ಟಿಗೆ ಬಂತು, ಆದರೆ ನಾಯಿ ಅದರೊಳಗೆ ಕಾಲಿಡಲಿಲ್ಲ. ಮಾಂಸ ತೋರಿಸಿದರೂ ಇಲ್ಲ, ದಂಪತಿ ಇಟ್ಟ ಹೊಸ ಹೆಸರು ಹಿಡಿದು ಕರೆದರೂ ಇಲ್ಲ. ಮರುವಾರ ನಾನು ಆ ಕಂಬಳಿ ತುಂಡನ್ನು ಒಯ್ದು ಪೆಟ್ಟಿಗೆಯೊಳಗೆ ಹಾಸಿದೆ. ನಾಯಿ ಮೂಸಿತು, ಬಾಲ ಅಲ್ಲಾಡಿಸುತ್ತ ತಾನಾಗಿ ಒಳಗೆ ಹೋಗಿ ಮಲಗಿತು. ಆಕೆ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ.

ಪ್ರಯಾಣಕ್ಕೆ ಇನ್ನೂ ಒಂಬತ್ತು ದಿನವಿದ್ದಾಗ ಕುರಿಗಾಹಿ ಬಂದ. ಬೇವಿನ ಗಿಡದ ಕೆಳಗೆ ನೋಡಿ, ಆಸ್ಪತ್ರೆಯ ಹಿಂದೆಲ್ಲ ನೋಡಿ, ನನ್ನ ಮೇಜಿನ ಮುಂದೆ ನಿಂತ.

"ನನ್ನ ನಾಯಿ ಎಲ್ಲಿ ಅದ ಯಪ್ಪಾ?"

"ಸತ್ತುಹೋತು ಯಜಮಾನ. ನಂಜು ಏರಿತ್ತು" ಎಂದೆ. ಬಾಯಿ ತಡವರಿಸಲೂ ಇಲ್ಲ.

"ಎಲ್ಲಿ ಮುಚ್ಚಿದ್ರಿ?"

ಹಿತ್ತಲಿನ ಒಂದು ಮೂಲೆ ತೋರಿಸಿದೆ.

"ಕಂಬಳಿ?"

"ಅದರ ಜೋಡೀನ ಮುಚ್ಚಿದಿವಿ."

ಅವನು ಆ ಬರಿ ನೆಲದ ಮುಂದೆ ಕುಕ್ಕರಗಾಲಲ್ಲಿ ಕೂತ. ಬುತ್ತಿ ಬಿಚ್ಚಿ, ಒಂದು ಜೋಳದ ರೊಟ್ಟಿ ಮುರಿದು ಅಲ್ಲಿಟ್ಟ. ಎದ್ದು ಬಂದು ನನಗೆ ಕೈಮುಗಿದ. "ಭಾಳ ಕಷ್ಟಪಟ್ಟೀರಿ ಡಾಕ್ಟರಪ್ಪಾ. ಕಂಬಳಿ ಹಾಕಿ ಮುಚ್ಚಿದ್ದು ಛಲೋ ಆತು."

ನಾಯಿ ಶಕ್ತಿನಗರದಲ್ಲಿ ಜೀವಂತವಿತ್ತು. ಒಂದು ಬಸ್ಸು ಹತ್ತಿದರೆ ತರಬಹುದಿತ್ತು. ಭಾನುವಾರ ದಂಪತಿಗೆ ಹೇಳಿಯೇ ಬಿಡುತ್ತೇನೆಂದು ಅಲ್ಲಿಗೆ ಹೋದೆ. ಆಕೆ ಚಹಾ ಕೊಟ್ಟರು, ಪೆಟ್ಟಿಗೆಗೆ ಬಣ್ಣ ಬಳಿದದ್ದನ್ನು ತೋರಿಸಿದರು. ಇಂಜಿನಿಯರ್ ನನ್ನ ಹೆಗಲ ಮೇಲೆ ಕೈಹಾಕಿ, ನಿಮ್ಮಂಥ ಡಾಕ್ಟರು ಅಪರೂಪ ಎಂದರು. ಆರೋಗ್ಯದ ಪ್ರಮಾಣಪತ್ರ ಮುಂದೆ ಬಂತು. ಮಾಲೀಕರ ಹೆಸರು ಎಂಬಲ್ಲಿ ಅವರ ಹೆಸರು ಬರೆದೆ, ಸಹಿ ಮಾಡಿದೆ, ಮೊಹರು ಒತ್ತಿದೆ. ಆ ದಿನ ಮಧ್ಯಾಹ್ನ ಅಕ್ಷರಗಳು ಎಷ್ಟು ದುಂಡಗೆ ಬಂದಿದ್ದವು ಎಂಬುದು ಇನ್ನೂ ನೆನಪಿದೆ. ವಾರದೊಳಗೆ ರಾಯಚೂರು ಸ್ಟೇಷನ್ನಿನಲ್ಲಿ ಮುಂಬಯಿಯಲ್ಲಿ ವಿಮಾನ ಹತ್ತಬೇಕಿದ್ದ ಪೆಟ್ಟಿಗೆಯನ್ನು ಅಲ್ಲಿಗೆ ಹೋಗುವ ಗಾಡಿಯ ಗಾರ್ಡಿನ ಡಬ್ಬಿಗೆ ಏರಿಸಲು ನಾನೇ ಒಂದು ಕಡೆ ಹಿಡಿದೆ.

ನಾಲ್ಕೈದು ವರ್ಷದ ಮೇಲೆ, ಮಾನ್ವಿಯ ಸಂತೆಯಲ್ಲಿ ಆ ಕುರಿಗಾಹಿ ಸಿಕ್ಕ. ಟಗರು ಮಾರಲು ಬಂದಿದ್ದ. ನನ್ನನ್ನು ಕಂಡು ಅವನೇ ಮಾತಾಡಿಸಿದ. ಅವನ ನಗುಮುಖ ನೋಡಲಾಗದೆ, ನಿಂತಲ್ಲಿಯೇ ಎಲ್ಲ ಹೇಳಿದೆ.

ಅವನು ಬೈಯಲಿಲ್ಲ. "ಅಲ್ಲಿ ಕುರಿ ಅದಾವೇನು?" ಎಂದು ಕೇಳಿದ.

"ಗೊತ್ತಿಲ್ಲ ಯಜಮಾನ."

"ಮತ್ತ ಅದು ದಿನಾ ಏನ್ ಮಾಡ್ತದ?"

ಟಗರಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಅವನು ನಿಧಾನವಾಗಿ ಹೇಳಿದ: "ನೀ ಕೇಳಿದ್ರ ನಾ ಕೊಡ್ತಿದ್ದಿಲ್ಲ. ಖರೆ. ಆದ್ರ ಜೀವ ಇದ್ದದ್ದಕ್ಕ ನಮ್ಮನ್ನ ಅಳಿಸಬಾರ್ದಿತ್ತು. ಈಗ್ಯಾಕ ಹೇಳಾಕತ್ತಿ?"

"ಮನಸ್ಸು ತಡೀಲಿಲ್ಲ."

"ನಿನ್ನ ಮನಸ್ಸು ಹಗುರಾತು. ನಾ ಇದನ್ನ ಎಲ್ಲಿ ಇಡ್ಲಿ?"

ಅಷ್ಟರಲ್ಲಿ ಅವನ ಹೆಂಡತಿ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮತ್ತ ಬರುತ್ತಿದ್ದಳು. ಅವನು ದನಿ ತಗ್ಗಿಸಿದ. "ಅಕೀಗಿ ಹೇಳಬ್ಯಾಡ. ಸತ್ತದಂತ ಸಮಾಧಾನ ಮಾಡ್ಕೊಂಡಾಳ. ಅದನ್ನ ಕುರಿ ಹಾಲು ಕುಡಿಸಿ ಬೆಳೆಸಿದಾಕಿ."

ಅವಳು ಬುಟ್ಟಿ ಇಳಿಸಿ, ನಾನು ಯಾರೆಂದು ಗಂಡನಿಂದ ತಿಳಿದು, "ಅರಾಮ ಅದೀರೇನ್ರಿ ಡಾಕ್ಟರಪ್ಪಾ? ಮದುವಿ ಆತೇನ್ರಿ? ಮಕ್ಕಳೆಷ್ಟ್ರಿ?" ಎಂದು ವಿಚಾರಿಸಿದಳು. ಒಬ್ಬ ಮಗಳು ಎಂದೆ. "ಸುಖವಾಗಿರ್ಲಿ" ಎಂದಳು. ಅವನು ನನ್ನ ಕಡೆ ನೋಡಲಿಲ್ಲ. ಟಗರಿನ ಹಲ್ಲು ನೋಡಲು ಬಂದ ಗಿರಾಕಿಗೆ ಅದರ ಬಾಯಿ ಅಗಲಿಸಿ ತೋರಿಸುತ್ತಿದ್ದ.