ವಾಪಸ್ ಕಳಿಸಿದವರ ಅಧ್ಯಾಯ

ನಮ್ಮಕ್ಕ ಹೆಡ್ ಕಾನ್‌ಸ್ಟೆಬಲ್. ಠಾಣೆಯ ದೂರಿನ ಮೇಜಿನಲ್ಲಿ ಹನ್ನೊಂದು ವರ್ಷ ಕೂತವಳು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಯೂನಿವರ್ಸಿಟಿಯ ಸಂಜೆ ತರಗತಿಗೆ ಸೇರಿದಳು. ವಿಷಯ, ಸಮಾಜದಲ್ಲಿ ಪೊಲೀಸರ ಪಾತ್ರ! ನನಗೆ ನಗು ತಡೆಯಲಾಗಲಿಲ್ಲ. ಆ ಪಾತ್ರ ಎಂಥದ್ದೆಂದು ನನ್ನನ್ನು ಕೇಳಬೇಕಿತ್ತು. ಮೂರು ವರ್ಷದ ಹಿಂದೆ ಗಂಡನ ಏಟಿಗೆ ಒಡೆದ ತುಟಿ ಹೊತ್ತು ಅವಳ ಮೇಜಿನ ಮುಂದೆ ನಿಂತಿದ್ದೆ. ಅವಳು ಪೆನ್ನು ಮುಟ್ಟಲಿಲ್ಲ.

"ಮನೆ ವಿಷ್ಯ ಕಣೇ, ಅನುಸರಿಸ್ಕೊಂಡು ಹೋಗು" ಎಂದು ವಾಪಸ್ ಕಳಿಸಿದಳು. ಅನುಸರಿಸಿದೆ. ಅವನು ಹೊಡೆಯುವುದನ್ನೇನೂ ಬಿಡಲಿಲ್ಲ.

ಕೋರ್ಸಿಗೆ ಬರೆಯಬೇಕಿದ್ದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಹಾಗೆ ವಾಪಸ್ ಹೋದ ಹೆಂಗಸರನ್ನೇ. ನಲವತ್ತು ಮನೆ ಸುತ್ತಿದಳು. ಮೊದಲು ಬಂದದ್ದು ನನ್ನ ಮನೆಗೆ, ಪ್ರಶ್ನೆಗಳ ಹಾಳೆ ಹಿಡಿದು.

"ಠಾಣೆಯಿಂದ ಹೊರಟಾಗ ನಿಂಗೆ ಏನನ್ನಿಸ್ತು?"

ಮೈಯೆಲ್ಲ ಉರಿದುಹೋಯಿತು. "ನಿನ್ನ ತಲೆ ಮೇಲೆ ಕಲ್ಲು ಹಾಕ್ಬೇಕು ಅನ್ನಿಸ್ತು. ಬರ್ಕೋ!"

ಒಂದಕ್ಷರ ಬಿಡದೆ ಬರೆದುಕೊಂಡಳು. ಮೂಗು ಒರೆಸಿಕೊಂಡು ಮುಂದಿನ ಪ್ರಶ್ನೆ ಕೇಳಿದಳು.

ಆ ನಲವತ್ತು ಮನೆಯ ಮಾತುಗಳೇ ಪ್ರಬಂಧದ ಮೂರನೇ ಅಧ್ಯಾಯವಾಯಿತು. ಸುದ್ದಿ ಇನ್ಸ್‌ಪೆಕ್ಟರ್ ಕಿವಿಗೆ ಬಿತ್ತು. "ಬಡ್ತಿ ಪಟ್ಟೀಲಿ ನೀನೇ ಮೊದಲಿದ್ದೀಯ. ಆ ಅಧ್ಯಾಯ ಕಿತ್ತುಹಾಕು, ಇಲ್ಲಾಂದ್ರೆ ಬಡ್ತಿ ಮರ್ತುಬಿಡು" ಎಂದ. ನಾನೂ ಬುದ್ಧಿ ಹೇಳಿದೆ.

"ನಿಂಗ್ಯಾಕೆ ಬೇಕಿತ್ತು ಈ ಉಸಾಬರಿ? ಕಿತ್ತುಹಾಕೇ."

"ಇನ್ನೊಂದ್ಸಲ ನಿನ್ನ ವಾಪಸ್ ಕಳಿಸ್ಲಾ?" ಎಂದಳು. ಅಧ್ಯಾಯ ಹಾಗೇ ಉಳಿಯಿತು.

ಮೌಖಿಕ ಪರೀಕ್ಷೆಗೆ ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಪರೀಕ್ಷಕರಾಗಿ ಬಂದು ಕೂತಿದ್ದರು. ನಾನು ಹಿಂದಿನ ಬೆಂಚಿನಲ್ಲಿದ್ದೆ.

"ಈ ನಲವತ್ತು ಜನರನ್ನ ವಾಪಸ್ ಕಳಿಸಿದ್ದು ಯಾರಮ್ಮ? ಹೆಸರು ಹೇಳೋ ಧೈರ್ಯ ಇದ್ಯಾ?"

"ನಾನೇ ಸಾರ್. ಹಾಗೆ ಕಳಿಸೋದನ್ನ ಕಲಿಸಿದವರು ನೀವು."

ಅಬ್ಬಾ! ಅಧಿಕಾರಿ ಪ್ರಬಂಧ ಮುಚ್ಚಿ ಮೇಜಿನ ಆಚೆಗೆ ತಳ್ಳಿದರು.

ಪಾಸಾದಳು. ಬಡ್ತಿ ಹೋಯಿತು. ನಿವೃತ್ತಿಯವರೆಗೂ ನಿನಗೆ ದೂರಿನ ಮೇಜೇ ಗತಿ ಎಂದರು, ಅದೇ ದೊಡ್ಡ ಶಿಕ್ಷೆ ಎಂಬಂತೆ.

"ಒಳ್ಳೇದೇ ಆಯ್ತು ಬಿಡು. ಈಗ ಯಾರು ಬರ್ತಾರೋ ಬರ್ಲಿ" ಎಂದಳು ಅಕ್ಕ.

ಸೋಮವಾರ ಬೆಳಿಗ್ಗೆ ಅವಳ ಡ್ಯೂಟಿ ಶುರುವಾಗುವ ಮೊದಲೇ ಹೋಗಿ ನಿಂತೆ. ಹಿಂದಿನ ದಿನವೂ ಗಂಡ ಕೈಮಾಡಿದ್ದ. ಅಕ್ಕ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕುರ್ಚಿ ತೋರಿಸಿ, ಪೆನ್ನಿನ ಮುಚ್ಚಳ ತೆಗೆದು, "ಹೆಸರು, ವಯಸ್ಸು" ಎಂದಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಎರಡನ್ನೂ ಹೇಳಿದೆ. ಬರೆದಳು.